ವಿಮಾನಕ್ಕೆ ಉಡಿ ತುಂಬಿದ ಊರು

ಕೃಷ್ಣಾ ಹಿನ್ನೀರಿನ ದಂಡೆಯಲ್ಲಿ, ಅನಗವಾಡಿಗೆ ಕೂಗು ಕೇಳಿಸುವಷ್ಟು ದೂರದಲ್ಲಿ, ಅಂಬಿಗ್ಯಾಳ ಅನ್ನುವ ಮೀನುಗಾರರ ಊರಿದೆ. ಕೂಗು ಅಂದರೆ ದುರಗೇಶನ ಕೂಗು. ಬೇರೆಯವರು ಕೂಗಿದರೆ ಊರ ಅಗಸಿಯನ್ನೂ ದಾಟುವುದಿಲ್ಲ.

ಈ ಊರಿಗೆ ಎರಡು ಇತಿಹಾಸ. ಒಂದು ಏರ್‌ಪೋರ್ಟಿಗಿಂತ ಮೊದಲಿನದು, ಇನ್ನೊಂದು ಅದರ ನಂತರದ್ದು. ಮೊದಲಿನದರಲ್ಲಿ ಹೇಳುವಂಥದ್ದು ಹೆಚ್ಚೇನಿಲ್ಲ. ನೀರು ಬಂತು, ಊರು ದಿಬ್ಬ ಹತ್ತಿತು, ಮೀನು ಕೆಳಗೇ ಉಳಿದವು. ನಂತರದ್ದು ಶುರುವಾದದ್ದು ಚನಮಲ್ಲಪ್ಪ ಸಾವುಕಾರರ ಸೊಂಟದಿಂದ.

ಸಾವುಕಾರರು ಬೆಲ್ಲದಲ್ಲಿ ಬೆಳೆದು ಸಕ್ಕರೆಯಲ್ಲಿ ಉಬ್ಬಿದವರು. ಕಾರಿನಲ್ಲಿ ಓಡಾಡಿ ಓಡಾಡಿ ಅವರ ಸೊಂಟ ಹಿಡಿದುಕೊಂಡಿತು. ರಸ್ತೆ ರಿಪೇರಿ ಮಾಡಿಸಿರಿ ಎಂದು ಡಾಕ್ಟರು ಹೇಳಲಿಲ್ಲ, ಕಾರಿನಲ್ಲಿ ಕೂಡಬೇಡಿರಿ ಎಂದರು. ಸಾವುಕಾರರು ಡಾಕ್ಟರ ಮಾತು ಮೀರುವವರಲ್ಲ. ಒಂದು ಸಣ್ಣ ವಿಮಾನಕ್ಕೆ ಹೇಳಿಕಳಿಸಿ, ಅಂಬಿಗ್ಯಾಳದ ಮೇಲಿನ ಬಯಲಿನಲ್ಲಿ ಉದ್ದಕ್ಕೊಂದು ಡಾಂಬರು ಪಟ್ಟಿ ಹಾಕಿಸಿ, ಅದರ ತುದಿಗೆ ತಗಡಿನ ಖೋಲಿ ಕಟ್ಟಿಸಿ, ‘ವಿಮಾನ ನಿಲ್ದಾಣ’ ಎಂದು ಬೋರ್ಡು ಬರೆಸಿಬಿಟ್ಟರು.

ವಿಮಾನ ಬರಲಿಲ್ಲ. ಪರವಾನಗಿ ಬರಬೇಕಿತ್ತು, ಅದು ಎತ್ತಿನ ಗಾಡಿಯಲ್ಲಿ ಹೊರಟಿತ್ತೋ ಏನೋ. ವರ್ಷಗಟ್ಟಲೆ ಅಂಬಿಗ್ಯಾಳವು ವಿಮಾನವಿಲ್ಲದ ಏರ್‌ಪೋರ್ಟಿನ ಊರಾಗಿ ಬಾಳಿತು. ಊರು ಮಾತ್ರ ಕಾಯುತ್ತ ಕೂಡಲಿಲ್ಲ. ಹಡಪದ ದುಂಡೇಶನ ಕ್ಷೌರದಂಗಡಿ ‘ಏರ್‌ಪೋರ್ಟ್ ಸಲೂನ್’ ಆಯಿತು. ಬಸ್ಸಿನ ಕಂಡಕ್ಟರ ‘ಏರ್‌ಪೋರ್ಟ್ ಇಳಿಯೋರು ಮುಂದ ಬರ್ರಿ’ ಎಂದು ಕೂಗತೊಡಗಿದ. ಬುಟ್ಟಿ ಹೊತ್ತ ಮೀನಿನ ಹೆಂಗಸರು ಸೆರಗು ಸರಿಮಾಡಿಕೊಂಡು ಗತ್ತಿನಿಂದ ಇಳಿಯತೊಡಗಿದರು. ಮದುವೆಯ ಹಂದರ ರನ್‌ವೇ ಮೇಲೆ, ಹುಡುಗರ ಸೈಕಲ್ಲು ರನ್‌ವೇ ಮೇಲೆ, ಎಲ್ಲಕ್ಕಿಂತ ಮುಖ್ಯವಾಗಿ ಒಣಮೀನೂ ರನ್‌ವೇ ಮೇಲೆ. ದಂಡೆಯ ಉಸುಕಿನಲ್ಲಿ ಒಣಗಿಸಿದ ಮೀನು ತಿಂದರೆ ಹಲ್ಲು ಕರಕರ ಅನ್ನುತ್ತಿತ್ತು. ಕಾದ ಡಾಂಬರಿನ ಮೇಲೆ ಒಣಗಿದ್ದು ಹಪ್ಪಳದ ಹಾಗೆ. ಮಹಾಲಿಂಗಪುರದ ಸಂತೆಯಲ್ಲಿ ‘ರನ್‌ವೇ ಮೀನ ಹೌದಿಲ್ಲೋ?’ ಎಂದು ಕೇಳಿ ಕೇಳಿ ಒಯ್ಯುವವರು ಹುಟ್ಟಿಕೊಂಡರು. ವಿಮಾನ ಹಾರದೆಯೇ ಏರ್‌ಪೋರ್ಟಿನ ಹೆಸರು ಹಾರಿತು.

ಇಂಥ ಊರಿನಲ್ಲಿ ಅನ್ನವ್ವನ ಒಬ್ಬನೇ ಮಗ ದುರಗೇಶ. ಬೇರೆಯವರಿಗೆ ಸಿಟ್ಟು ಬರುತ್ತದೆ, ಹೋಗುತ್ತದೆ. ಅವನಿಗೆ ಸಿಟ್ಟು ಇರುತ್ತದೆ, ಮೂಗಿನ ಹಾಗೆ. ಒಂಬತ್ತನೆಯ ಇಯತ್ತೆಯಲ್ಲಿ ಮಾಸ್ತರರು ಯಾರೋ ಮಾಡಿದ ಗದ್ದಲಕ್ಕೆ ಇವನನ್ನು ಹೊರಗೆ ನಿಲ್ಲಿಸಿದಾಗ ‘ನಾ ಅಲ್ಲ್ರೀ!’ ಎಂದು ಒಂದೇ ಮಾತು ಅಂದಿದ್ದ. ಪಕ್ಕದ ಕೋಣೆಯ ಮಕ್ಕಳು ಸಾಲಿ ಬಿಟ್ಟಿತೆಂದು ಪಾಟೀಚೀಲ ಹೊತ್ತು ಮನೆಗೆ ಹೋದರು. ಅವನ ಓದು ಅಲ್ಲಿಗೆ ಮುಗಿಯಿತು. ಬನಹಟ್ಟಿಯ ಪವರ್‌ಲೂಮಿನಲ್ಲಿ ಸೇರಿದ. ಅಲ್ಲಿ ಮಗ್ಗದ ಸದ್ದಿಗೆ ಒಬ್ಬರ ಮಾತು ಒಬ್ಬರಿಗೆ ಕೇಳದು, ಇವನದು ಕೇಳಿತು, ಮಾಲಕನಿಗೇ ಕೇಳಿತು. ಜಮಖಂಡಿಯ ಹೋಟೆಲಿನಲ್ಲಿ ಗಿರಾಕಿಯೊಬ್ಬ ‘ಚಹಾದಾಗ ಸಕ್ಕರಿ ಕಡಿಮಿ’ ಅಂದ. ದುರಗೇಶ ಕೊಟ್ಟ ಉತ್ತರಕ್ಕೆ ಆ ಗಿರಾಕಿಗೆ ಇವತ್ತಿಗೂ ಸಿಹಿ ಸೇರುವುದಿಲ್ಲವಂತೆ.

ಹಾಗಾದರೆ ಮೀನು ಹಿಡಿಯಲಿ ಎಂದರೆ, ಅಂಬಿಗರ ಮನೆಯ ಈ ಹುಲಿಗೆ ಹರಗೋಲು ಹತ್ತಿದರೆ ತಲೆ ತಿರುಗುತ್ತದೆ. ಬಿದಿರಿನ ಬುಟ್ಟಿಯಂಥ ಹರಗೋಲು ನೀರಿಗೆ ಬಿದ್ದೊಡನೆ ಗರಗರ ತಿರುಗುವುದು, ಒಳಗೆ ಇವನ ಹೊಟ್ಟೆ ಅದರ ಉಲ್ಟಾ ತಿರುಗುವುದು. ಸೋದರಮಾವ ಪರಸಪ್ಪ ಒಮ್ಮೆ ಕರೆದುಕೊಂಡು ಹೋಗಿ, ತಿರುಗಿ ಬಂದು, ಹರಗೋಲನ್ನು ಒಳಗಿನಿಂದ ತೊಳೆದ. ಎಲ್ಲರೂ ಹೊರಗಿನಿಂದ ತೊಳೆಯುತ್ತಾರೆ.

ಅಂಥವನಿಗೆ ಕೊನೆಗೂ ಏರ್‌ಪೋರ್ಟಿನಲ್ಲಿ ನೌಕರಿ ಸಿಕ್ಕಿತು. ಪರವಾನಗಿಯ ಸಾಹೇಬರು ಒಂದು ಷರತ್ತು ಹಾಕಿದ್ದರು. ದಂಡೆಯ ಹಕ್ಕಿಗಳು ಬಹಳ, ಅವನ್ನು ಓಡಿಸುವ ವ್ಯವಸ್ಥೆ ಬೇಕು. ಸಾವುಕಾರರು ತಿಮ್ಮಾಪುರದ ಕಡೆಯಿಂದ ಒಂದು ಮುಧೋಳ ನಾಯಿ ತರಿಸಿದರು. ಹೆಸರು ಪಿಸ್ತೂಲ. ಹೊಟ್ಟೆ ಬೆನ್ನಿಗೆ ಹತ್ತಿ, ಕಾಲು ಬಿದಿರಿನ ಗಳದ ಹಾಗೆ; ನಿಂತಲ್ಲೇ ಓಡುತ್ತಿದ್ದಂತೆ ಕಾಣುವ ನಾಯಿ. ಅದನ್ನು ಹಿಡಿದುಕೊಳ್ಳಲು ದುರಗೇಶ. ನಾಯಿಯ ನೌಕರಿ ಕಾಯಂ, ಇವನದು ಕಚ್ಚಾ.

ಮ್ಯಾನೇಜರ್ ಶಿವಯೋಗಿ ಕೇಸರಿ ಬಣ್ಣದ ಹೊಳೆಯುವ ಜಾಕೆಟ್ಟು ಕೊಡುತ್ತ ಹೇಳಿದ್ದ. “ನಿನ್ನ ಕಥಿ ಎಲ್ಲಾ ಕೇಳೇನಿ. ಮೊದಲ ವಿಮಾನ ಬಂದು ಸುಖರೂಪ ತಿರುಗಿ ಹೋಗೂತನಕ ನಿನ್ನ ದನಿ ನನ್ನ ಕಿವಿಗೆ ಬೀಳಬಾರ್ದು. ಬಿತ್ತೋ, ಜಾಕೆಟ್ ಬಿಚ್ಚಿಟ್ಟು ಮನಿಗಿ. ಬೀಳಲಿಲ್ಲೋ, ನೀನೂ ಕಾಯಂ.”

“ಆತ್ರೀ ಸರ್,” ಎಂದು ದುರಗೇಶ ತುಟಿಯಲ್ಲಷ್ಟೇ ಅಂದ.

ಮನೆಯಲ್ಲಿ ಅನ್ನವ್ವ ಇನ್ನೂ ಸ್ಪಷ್ಟವಾಗಿ ಹೇಳಿದಳು. “ಲೇ ದುರಗ್ಯಾ, ಇದೂ ಹೋತಂದ್ರ ನಿಮ್ಮ ಮಾವನ ಹರಗೋಲ ನೋಡು. ದಿನಾ ಮುಂಜಾನೆ. ಹಗ್ಗಾ ಕಟ್ಟಿ ಕುಂದರಸ್ತೀನಿ.”

ಅಂದಿನಿಂದ ದುರಗೇಶ ಪಿಸುಗುಟ್ಟಿ ಬದುಕಿದ. ಬೈಗುಳವೆಲ್ಲ ಗಂಟಲ ತನಕ ಬಂದು ಸಾಲಾಗಿ ನಿಂತವು. ‘ಏನಪಾ, ದನಿ ಮುಳುಗಿತೇನು?’ ಎಂದು ದುಂಡೇಶ ಅಂಗಡಿಯಿಂದ ಕೆಣಕಿದರೂ ಇವನು ಜಾಕೆಟ್ಟಿನ ಗುಂಡಿ ಹಾಕಿಕೊಳ್ಳುತ್ತ ಮುಂದೆ ಹೋಗುವನು. ಆ ಜಾಕೆಟ್ಟು ಹಾಕಿಕೊಂಡೇ ಮಲಗುವನು. ಕತ್ತಲಲ್ಲೂ ಹೊಳೆಯುತ್ತಿದ್ದುದರಿಂದ ಅನ್ನವ್ವನಿಗೆ ನಿದ್ದೆ ಕೆಡುತ್ತಿತ್ತು.

ನಿಜಕ್ಕೂ ಕೆಟ್ಟುಹೋದದ್ದು ನಾಯಿ. ರನ್‌ವೇ ಮೇಲೆ ಮೀನು ಹರವಬಾರದೆಂದು ಶಿವಯೋಗಿ ತಾಕೀತು ಮಾಡಿದ ಮೇಲೆ ಅನ್ನವ್ವ ಒಣಮೀನನ್ನು ಮನೆಯ ಮಾಳಿಗೆಗೆ ತಂದಿದ್ದಳು. ಮಗ ಅಂಗಳದಲ್ಲಿ ಕಟ್ಟಿದ ಆ ನಾಯಿಯ ಎಣಿಸಬಹುದಾದ ಪಕ್ಕೆಲುಬು ನೋಡಿ ಅವಳ ಕರುಳು ಚುರ್ರೆಂದಿತ್ತು.

“ಯವ್ವಾ, ಅದು ಹಂಗ ಇರೂ ಜಾತಿ,” ಎಂದು ದುರಗೇಶ ಪಿಸುಗುಟ್ಟಿದ.

“ನೌಕರಿ ಮಾಡೂ ಪ್ರಾಣಿ ಉಪವಾಸ ಇರಬಾರ್ದು,” ಎಂದು ಅನ್ನವ್ವ ಜಿಲೇಬಿ ಮೀನಿನ ತಲೆ ಹಾಕಿದಳು. ಮರುದಿನ ಬಾಲವನ್ನೂ ಹಾಕಿದಳು. ಆಮೇಲೆ ನಡುವಿನದನ್ನೂ ಹಾಕಿದಳು. ಹಕ್ಕಿಯ ಹಿಂದೆ ಬಿಟ್ಟ ಬಾಣದಂತೆ ಓಡುತ್ತಿದ್ದ ಪಿಸ್ತೂಲ ಈಗ ಅನ್ನವ್ವನ ಬುಟ್ಟಿಯ ಹಿಂದೆ ಹೋಗುವುದನ್ನು ಕಲಿಯಿತು. ಕೊಕ್ಕರೆ ಕಂಡರೆ ಎದ್ದು ನಿಲ್ಲುತ್ತಿತ್ತು, ಗೌರವಕ್ಕೆ.

ವಿಮಾನ ಬರುವ ದಿನ ಗೊತ್ತಾಯಿತು. ಬಂದು, ಸಮಾರಂಭ ಮುಗಿಸಿ, ಹೊತ್ತು ಮುಳುಗುವುದರೊಳಗೆ ಹೋಗಬೇಕು. ರನ್‌ವೇಗೆ ದೀಪವಿರಲಿಲ್ಲ. ಪರವಾನಗಿಯ ಸಾಹೇಬರು ನಿಂತು ನೋಡಿ, ಒಪ್ಪಿದರಷ್ಟೇ ಪರವಾನಗಿ ಕೊಡುವವರಿದ್ದರು. ಆ ಸುದ್ದಿ ಕೇಳಿ ಅನ್ನವ್ವ ಮಗನನ್ನು ಕೇಳಿದಳು. “ವಿಮಾನ ಹೆಣ್ಣೋ ಗಂಡೋ?”

“ಮಷೀನ್ ಐತಿ ಅದು.”

“ಹರಗೋಲು ಹೆಣ್ಣು. ದೋಣಿ ಹೆಣ್ಣು. ಮೊದಲನೇ ಸಲ ಬಂದ ಬಸ್ಸಿಗೂ ನಮ್ಮತ್ತಿ ಉಡಿ ತುಂಬಿದ್ಳು, ಡ್ರೈವರ್ ನಾಚಕೊಂಡು ಇಳದ ಹೋದ.”

ಇದು ಅಂಬಿಗ್ಯಾಳದ ಪದ್ಧತಿ. ಮನುಷ್ಯರನ್ನು ಹೊತ್ತು ಊರಿಗೆ ಮೊದಲ ಸಲ ಬಂದದ್ದು ಯಾವುದೇ ಇರಲಿ, ಅದು ತವರಿಗೆ ಬಂದ ಮಗಳು. ಬರಿಗೈಲೆ ಕಳಿಸುವಂತಿಲ್ಲ. ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಗುಳೇದಗುಡ್ಡದ ಖಣದ ರವಿಕೆಬಟ್ಟೆ ಇಟ್ಟು ಅವಳ ಮಡಿಲು, ಅಂದರೆ ಉಡಿ, ತುಂಬಬೇಕು. ಇಷ್ಟು ಎಲ್ಲ ಊರಲ್ಲೂ ಇದೆ. ಅಂಬಿಗ್ಯಾಳದಲ್ಲಿ ಮೇಲೊಂದು ಹಸಿ ಮೀನು. ಮತ್ತೆ, ಬಂದ ದಿನವೇ ಮಗಳನ್ನು ಕಳಿಸುವ ರೂಢಿಯಿಲ್ಲ. ಒಂದು ರಾತ್ರಿ ಇರಲೇಬೇಕು.

ದುರಗೇಶನ ಕುತ್ತಿಗೆಯ ನರ ಎದ್ದವು. ಅವನು ಪಿಸುದನಿಯಲ್ಲಿ ಚೀರಿದ. ಅದು ಹೇಗೆಂದು ಕೇಳಬೇಡಿ, ಅವನಿಗೆ ಬರುತ್ತಿತ್ತು. “ಯವ್ವಾ, ಮೀನ ತಂದ್ರ ಹಕ್ಕಿ ಬರ್ತಾವ. ಹಕ್ಕಿ ಬಂದ್ರ ವಿಮಾನ ಏಳೂದಿಲ್ಲ. ವಿಮಾನ ಏಳಲಿಲ್ಲ ಅಂದ್ರ ನಾ ಹರಗೋಲ್ದಾಗ. ಕೈ ಮುಗೀತೀನಿ, ಉಡಿ ಗಿಡಿ ಬ್ಯಾಡ.”

“ಆತ ಬಿಡಪಾ,” ಅಂದಳು ಅನ್ನವ್ವ. ಅಷ್ಟು ಬೇಗ ಅವಳು ಎಂದೂ ಒಪ್ಪಿದವಳಲ್ಲ. ದುರಗೇಶನಿಗೆ ಅಲ್ಲಿಯೇ ಸಂಶಯ ಬರಬೇಕಿತ್ತು.

ಆ ದಿನ ಮಧ್ಯಾಹ್ನ ವಿಮಾನ ಬಂತು. ಎಂಟು ಮಂದಿ ಕೂಡುವಂಥ, ಮೂಗಿಗೆ ಪಂಖಾ ಇದ್ದ ಬಿಳಿ ವಿಮಾನ. ನೆಲಕ್ಕೆ ಎರಡು ಸಲ ಪುಟಿದು ನಿಂತಿತು. ಊರಿಗೆ ಊರೇ ಚಪ್ಪಾಳೆ ಹೊಡೆಯಿತು. ಆಕಾಶದಲ್ಲಿ ಒಂದು ಕಾಗೆಯೂ ಇರಲಿಲ್ಲ. ದುರಗೇಶ ಉಸಿರು ಬಿಟ್ಟ, ಪಿಸ್ತೂಲ ಆಕಳಿಸಿತು. ಚನಮಲ್ಲಪ್ಪ ಸಾವುಕಾರರು ಸೊಂಟದ ಮೇಲೆ ಕೈಯಿಟ್ಟು ಇಳಿದು, ‘ಏನೂ ಆಗಲಿಲ್ಲ ನೋಡ್ರಿ’ ಎಂದು ಸೊಂಟವನ್ನು ಎಲ್ಲರಿಗೂ ತಿರುಗಿಸಿ ತೋರಿಸಿದರು. ಪೈಲಟ್ಟು ವಿಮಾನದ ಹೊಟ್ಟೆಯ ಬಾಗಿಲು ತೆಗೆದು, ಸನ್ಮಾನದ ಶಾಲುಗಳ ಗಂಟು ಇಳಿಸಿ, ಬಾಗಿಲು ಹಾಗೇ ಬಿಟ್ಟು ನೆರಳಿಗೆ ನಡೆದ. ಸಾವುಕಾರರ ರೇಷ್ಮೆ ಧೋತರದ ಚೀಲ ಒಳಗೇ ಇತ್ತು.

ಶಾಮಿಯಾನದಲ್ಲಿ ಭಾಷಣ ಶುರುವಾಯಿತು. ಸಾವುಕಾರರು ತಮ್ಮ ಸೊಂಟದ ಚರಿತ್ರೆಯನ್ನು ಮೊದಲಿನಿಂದ ಹೇಳತೊಡಗಿದರು. ಮೊದಲ ಸಾಲಿನಲ್ಲಿ ಪರವಾನಗಿಯ ಸಾಹೇಬರು, ಪಕ್ಕದಲ್ಲಿ ಶಿವಯೋಗಿ, ಅಂಚಿನಲ್ಲಿ ನಾಯಿ ಹಿಡಿದ ದುರಗೇಶ. ಸೊಂಟ ಎಕ್ಸ್‌ರೇ ತನಕ ಬಂದಾಗ ಪಿಸ್ತೂಲ ಮೂಗೆತ್ತಿತು. ಕಿವಿ ನಿಂತವು. ಒಂದು ಜಗ್ಗು ಜಗ್ಗಿತು. ಕೊರಳಪಟ್ಟಿ ಹಗ್ಗದ ಜೊತೆ ದುರಗೇಶನ ಕೈಯಲ್ಲಿ ಉಳಿಯಿತು, ನಾಯಿ ಉಳಿಯಲಿಲ್ಲ.

“ಪಿಸ್ತೂಲ,” ಎಂದು ಅವನು ಪಿಸುಗುಟ್ಟಿದ. “ಏ ಪಿಸ್ತೂಲ, ಬಾ ಇಲ್ಲೆ, ಬಾ ನಮ್ಮಪ್ಪಾ.” ಪಕ್ಕದಲ್ಲಿ ನಿಂತ ದುಂಡೇಶನಿಗೇ ಅದು ಕೇಳಿಸಲಿಲ್ಲ.

ಭಾಷಣ ಬಿಟ್ಟು ಹೋಗುವಂತಿಲ್ಲ, ಕೂಗುವಂತಿಲ್ಲ. ಜೀವ ಕೈಯಲ್ಲಿ ಹಿಡಿದು ನಿಂತ. ಚಪ್ಪಾಳೆ ಬಿದ್ದು, ಹಾರ ಬಿದ್ದು, ಸಾವುಕಾರರು ಹತ್ತಿ ಕುಳಿತು, ಪೈಲಟ್ಟು ಅವಸರದಲ್ಲಿ ಹೊಟ್ಟೆಯ ಬಾಗಿಲು ಧಡ್ ಎಂದು ಹಾಕಿ ಮೇಲೆ ಹತ್ತಿದ. ಆಗ ಎದುರಿನಿಂದ ಅನ್ನವ್ವನೂ ಊರ ಹೆಂಗಸರೂ ಬಂದರು. ಕೈಯಲ್ಲಿ ಖಾಲಿ ಬುಟ್ಟಿ, ಮುಖದಲ್ಲಿ ಸಮಾಧಾನ.

“ಯವ್ವಾ... ಏನ ಮಾಡಿ ಬಂದ್ಯವ್ವಾ?”

“ಹೆಣ್ಣ ಐತೋ ದುರಗ್ಯಾ! ಉಡಿ ತೆರಕೊಂಡ ನಿಂತಿತ್ತು ಪಾಪ. ಮನಿಗೊಂದರಂತೆ ಹಾಕಿ ಬಂದ್ವಿ. ಕಸ್ತೂರೆವ್ವ ಅಂತೂ ಕಟ್ಲಾ ಮೀನ ಹಾಕ್ಯಾಳ, ತೊಡಿ ಗಾತ್ರದ್ದು.”

“ಪಿಸ್ತೂಲ ಎಲ್ಲೆ?”

“ಅಲ್ಲೇ ಇತ್ತಲಾ, ಉಡಿ ಹತ್ತರ. ಭಾಳ ಭಕ್ತಿಲೆ ನಿಂತಿತ್ತು.”

ದುರಗೇಶ ಸುತ್ತ ನೋಡಿದ. ಬುಟ್ಟಿಗಳಿಂದ ಸೋರಿದ ಮೀನಿನ ನೀರು ಮನೆಗಳಿಂದ ರನ್‌ವೇ ತನಕ ಗೆರೆ ಎಳೆದಿತ್ತು. ಆ ಗೆರೆಯ ಮೇಲೆ, ಹಿನ್ನೀರಿನ ಈ ದಂಡೆ ಆ ದಂಡೆಯ ಹದ್ದು, ಕಾಗೆ, ಕೊಕ್ಕರೆ, ಬೆಳ್ಳಕ್ಕಿಗಳು ಬೀಗರೂಟಕ್ಕೆ ಬಂದಂತೆ ಬರುತ್ತಿದ್ದವು. ವಿಮಾನದ ಬೆನ್ನ ಮೇಲೆ ಎರಡು ಹದ್ದು ಕುಳಿತು ರೆಕ್ಕೆ ಒರೆಸಿಕೊಂಡವು.

ಸಾಹೇಬರು ಎದ್ದು ನಿಂತರು. “ಏನ್ರೀ ಇದು? ಹಕ್ಕಿ ಓಡಿಸೋ ವ್ಯವಸ್ಥೆ ಇದೆ ಅಂದ್ರಲ್ಲ, ಎಲ್ಲಿ?”

“ಐತ್ರೀ ಸಾಹೇಬ್ರ,” ಎಂದ ಶಿವಯೋಗಿ, ಅತ್ತರಿನ ವಸ್ತ್ರ ಮೂಗಿಗೆ ಹಿಡಿದು. “ದುರಗೇಶ! ನಾಯಿ ಬಿಡೋ!”

ದುರಗೇಶ ಕೈಯೆತ್ತಿ ತೋರಿಸಿದ. ಹಗ್ಗ, ಹಗ್ಗದ ತುದಿಗೆ ಕೊರಳಪಟ್ಟಿ.

“ನಾಯಿ ಎಲ್ಲೋ?”

ಅವನಿಗೂ ಗೊತ್ತಿರಲಿಲ್ಲ. ಸಾಹೇಬರು ಪೈಲಟ್ಟಿನತ್ತ ನಿಲ್ಲಿಸುವ ಸನ್ನೆಗೆ ಕೈಯೆತ್ತತೊಡಗಿದರು. ದೂರದಲ್ಲಿ, ಹಿನ್ನೀರಿನಲ್ಲಿ, ಪರಸಪ್ಪನ ಹರಗೋಲು ಗರಗರ ತಿರುಗುತ್ತಿತ್ತು. ನಿಂತ ನೆಲದ ಮೇಲೇ ದುರಗೇಶನ ಹೊಟ್ಟೆ ಅದರ ಉಲ್ಟಾ ತಿರುಗಿತು.

ಅವನು ಹಗ್ಗ ಬಿಸುಟು ಓಡಿದ. ರನ್‌ವೇಯ ನಡುಮಧ್ಯೆ ನಿಂತು ಬಾಯಿ ತೆರೆದ.

ಮೊದಲು ಬೊಗಳಿದ. ನಾಯಿಯ ಕೆಲಸ, ನಾಯಿಯ ಹಾಗೇ ಮಾಡಬೇಕೆಂದುಕೊಂಡ. ಎರಡು ಸಲ ಬೊಗಳುವಷ್ಟರಲ್ಲಿ ಮುಂದಿನದು ತಾನಾಗಿ ಬಂತು. ತಿಂಗಳುಗಟ್ಟಲೆ ಗಂಟಲಲ್ಲಿ ಸಾಲಾಗಿ ನಿಂತಿತ್ತಲ್ಲ, ಬಾಗಿಲು ತೆರೆದದ್ದೇ ತಡ, ಎಲ್ಲ ಒಟ್ಟಿಗೇ ನುಗ್ಗಿತು.

“ಏ ಹದ್ದಿನ ಹುಟ್ಟಾ! ನಿಮ್ಮ ಅಪ್ಪನ ರನ್‌ವೇ ಏನಲೇ ಇದು? ಏ ಕೊಕ್ಕರಿ, ಒಂಟಿಕಾಲಿನ ಡೌಲಾ ತೋರಸ್ತಿ? ಮುರದ ಕೈಯಾಗ ಕೊಡ್ತೀನಿ ಇನ್ನೊಂದನ್ನ! ಸಕ್ಕರಿ ಕಡಿಮಿ ಏನಲೇ ನಿನಗ, ಸಕ್ಕರಿ? ಸಾಲ್ಯಾಗ ಗದ್ದಲ ಮಾಡಿದಾಂವ ಗಿರಿಮಲ್ಲ್ಯಾ, ಹೊರಗ ನಿಂತಾಂವ ನಾನು! ಏಳ್ರಿ! ಏಳ್ರಿ ಅಂದೆ! ನಿಮಗೂ ಕಚ್ಚಾ ನೌಕರಿ ಕೊಟ್ರ ಗೊತ್ತಾಗ್ತೈತಿ ಮಕ್ಕಳ್ಯಾ!”

ಹದ್ದುಗಳು ಎದ್ದವು. ಕಾಗೆಗಳು ಎದ್ದವು. ಬೆಳ್ಳಕ್ಕಿಗಳು ಎದ್ದು, ತಮಗೆ ಬೈದದ್ದಲ್ಲವೇನೋ ಎಂದು ಒಂದು ಸುತ್ತು ಯೋಚಿಸಿ, ತಮಗೇ ಎಂದು ಖಾತ್ರಿಯಾಗಿ ಆಚೆ ದಂಡೆಗೆ ಹೋದವು. ಶಾಮಿಯಾನದ ಒಂದು ಗೂಟ ಕಿತ್ತುಬಂತು. ಅನಗವಾಡಿಯಲ್ಲಿ ಯಾರೋ ‘ದುರಗೇಶನ ನೌಕರಿ ಹೋತು’ ಎಂದು ಹೇಳಿ ಚಹಾ ಮುಂದುವರಿಸಿದರು. ಆಕಾಶ ತೊಳೆದಿಟ್ಟ ಪರಾತದ ಹಾಗೆ ಖಾಲಿಯಾಯಿತು, ವಿಮಾನ ಅವನ ಪಕ್ಕದಿಂದಲೇ ಗುರ್ರೆಂದು ಓಡಿ ಎದ್ದುಹೋಯಿತು.

ಶಿವಯೋಗಿ ಮೆಲ್ಲಗೆ ಬಂದು ಕೈಚಾಚಿದ. “ಕೇಳಿಸ್ತು,” ಎಂದ. “ಬಿಚ್ಚು.”

“ವಿಮಾನ ಹೋತಲ್ರೀ ಸರ್.”

“ಹೋಗೂಕಿಂತ ಮೊದಲ ಕೇಳಿಸ್ತು.”

ದುರಗೇಶ ಮೊದಲ ಗುಂಡಿ ಬಿಚ್ಚಿದ. ಎರಡನೆಯದಕ್ಕೆ ಕೈಯಿಟ್ಟಾಗ ಜನ ಮೇಲೆ ನೋಡತೊಡಗಿದರು. ವಿಮಾನ ಹೊರಳಿ ಬರುತ್ತಿತ್ತು.

ಮೇಲೆ ನಡೆದದ್ದು ಆಮೇಲೆ ಗೊತ್ತಾಯಿತು. ಸೀಟಿನ ಕೆಳಗಿನಿಂದ ಗೊರಗೊರ ಸದ್ದು ಬಂದಾಗ ಸಾವುಕಾರರು ತಮ್ಮ ಹೊಟ್ಟೆಯೇ ಎಂದು ನೀರು ಕುಡಿದರು. ಸದ್ದು ‘ಬೌ’ ಅಂದಾಗ ಹೊಟ್ಟೆಯಲ್ಲವೆಂದು ತಿಳಿದು ಪೈಲಟ್ಟನ್ನು ತಟ್ಟಿದರು. ಪೈಲಟ್ಟು ಇಂಜಿನ್ನು ಎಷ್ಟೋ ಥರ ಕೆಟ್ಟದ್ದನ್ನು ಕಂಡಿದ್ದ, ಬೊಗಳಿದ್ದನ್ನು ಕಂಡಿರಲಿಲ್ಲ. ತಿರುಗಿಸಿಬಿಟ್ಟ.

ವಿಮಾನ ನಿಂತು, ಹೊಟ್ಟೆಯ ಬಾಗಿಲು ತೆರೆಯಿತು. ಮೊದಲು ಅಕ್ಕಿ ಸುರಿಯಿತು. ಕೊಬ್ಬರಿ ಬಟ್ಟಲು ಉರುಳಿದವು. ಕಡೆಗೆ ಪಿಸ್ತೂಲ ಇಳಿಯಿತು. ಮೈಗೆ ಸಾವುಕಾರರ ರೇಷ್ಮೆ ಧೋತರ ಸುತ್ತಿ, ಬಾಯಲ್ಲಿ ಕಸ್ತೂರೆವ್ವನ ಕಟ್ಲಾದ ಬಾಲ ಹಿಡಿದು, ಹೊಟ್ಟೆ ನಗಾರಿಯಾಗಿ, ಆರತಿ ಎತ್ತಿಸಿಕೊಳ್ಳಲು ಬಂದ ಮದುಮಗನ ಹಾಗೆ. ಜನ್ಮದಲ್ಲಿ ಮೊಟ್ಟೆಯನ್ನೂ ಮುಟ್ಟದ ಸಾವುಕಾರರು ಆ ವಾಸನೆಗೆ ಮೆಟ್ಟಿಲ ಮೇಲೆಯೇ ಕುಳಿತುಬಿಟ್ಟರು.

“ತೊಳೆಯದೆ ನಾನು ಹಾರಿಸಲ್ಲ,” ಎಂದ ಪೈಲಟ್ಟು. ತೊಳೆಯುವಷ್ಟರಲ್ಲಿ ಹೊತ್ತು ಮುಳುಗುತ್ತದೆ. ದೀಪವಿಲ್ಲ.

“ನಾ ಅಂದಿದ್ನಲ್ಲ,” ಎಂದಳು ಅನ್ನವ್ವ, ಹೆಂಗಸರ ಕಡೆ ತಿರುಗಿ. “ಬಂದ ದಿನಾನ ಕಳಸಬಾರ್ದು. ಮಗಳು ತಾನ ತಿರುಗಿ ಬಂದ್ಳು ನೋಡ್ರಿ.”

ಸಾವುಕಾರರು ಮೂಗು ಹಿಡಿದುಕೊಂಡೇ ತೀರ್ಪು ಕೊಟ್ಟರು. “ಶಿವಯೋಗಿ, ಆ ನಾಯಿ ಇನ್ನ ನನ್ನ ಏರ್‌ಪೋರ್ಟ್‌ದಾಗ ಕಾಲಿಡಬಾರ್ದು. ನಾಯಿ ಹಿಡಿಯಾಂವನೂ.”

“ಆಗಲೇ ಜಾಕೆಟ್ ಬಿಚ್ಚಸಾಕತ್ತೇನ್ರಿ.”

“ಒಂದು ನಿಮಿಷ,” ಎಂದರು ಪರವಾನಗಿಯ ಸಾಹೇಬರು. ಅವರ ಎರಡೂ ಕಿವಿಯಲ್ಲಿ ಇನ್ನೂ ಬೆರಳಿತ್ತು. “ಎಷ್ಟೋ ಕಡೆ ಪಟಾಕಿ ನೋಡಿದ್ದೀನಿ, ಗಂಟೆ ನೋಡಿದ್ದೀನಿ. ಇಂಥದ್ದು ನೋಡಿಲ್ಲ. ಒಂದು ಹಕ್ಕಿ ವಾಪಸ್ ಬಂದಿದೆಯಾ ನೋಡಿ. ನಾಯಿ ಇರಲಿ ಬಿಡಲಿ, ಈ ವ್ಯವಸ್ಥೆ ಇಲ್ಲದೆ ನಾನು ಪರವಾನಗಿ ಕೊಡಲ್ಲ.”

ಎಲ್ಲರೂ ‘ವ್ಯವಸ್ಥೆ’ಯ ಕಡೆ ನೋಡಿದರು. ವ್ಯವಸ್ಥೆ ಎರಡನೆಯ ಗುಂಡಿಯ ಮೇಲೆ ಕೈಯಿಟ್ಟು ನಿಂತಿತ್ತು.

ಶಿವಯೋಗಿ ತಲೆ ಕೆರೆದುಕೊಂಡ. “ಆದ್ರ ಹೊಸಾ ಹುದ್ದೆ ಇಲ್ರಿ. ಕಾಯಂ ಇದ್ದದ್ದು ನಾಯಿದೊಂದ.”

“ಹಂಗಾರ ನಾಯಿ ಜಾಗಾಕ್ಕ ತಗೋ,” ಎಂದರು ಸಾವುಕಾರರು. “ಏನೇನ ಐತಿ ಅದಕ್ಕ?”

“ಪಗಾರ ನಾಯಿ ಹಿಡಿಯಾಂವಂದ ನಡೀಲಿ ಅನ್ರಿ. ಮ್ಯಾಲ ದಿನಾ ಅರ್ಧಾ ಕಿಲೋ ಮಾಂಸ, ಮಳಿಗಾಲಕ್ಕ ಗೋಣಿತಟ್ಟು, ಹುಚ್ಚ ಹಿಡೀದಂಗ ವರ್ಷಕ್ಕೊಂದ ಸೂಜಿ.”

“ನಾ ನಾಯಿ ಅಲ್ಲ್ರೀ!” ಎಂದ ದುರಗೇಶ. ಆಚೆ ದಂಡೆಯ ಬೆಳ್ಳಕ್ಕಿಗಳು ಅಲ್ಲಿಂದಲೂ ಎದ್ದವು. ಸಾಹೇಬರು ಮೆಚ್ಚಿಗೆಯಿಂದ ತಲೆಯಾಡಿಸಿದರು.

ಅಷ್ಟರಲ್ಲಿ ಪರಸಪ್ಪ ದಂಡೆಯಿಂದ ಕೂಗಿದ. “ಏನಾತೋ ಅಳಿಯಾ? ಹೋತೇನ ನೌಕರಿ? ಹರಗೋಲ ತೊಳದ ಇಡ್ಲೇನ?”

ದುರಗೇಶ ಹರಗೋಲು ನೋಡಿದ. ಕಟ್ಟಿಹಾಕಿದ್ದರೂ ಅದು ಮೆಲ್ಲಗೆ ತಿರುಗುತ್ತಿತ್ತು. ಅವನು ಬಿಚ್ಚಿದ ಗುಂಡಿಯನ್ನು ಹಾಕಿಕೊಂಡ.

“ಸೂಜಿ ಒಂದ ಬ್ಯಾಡ್ರೀ,” ಎಂದ.

ಈಗ ಪಿಸ್ತೂಲ ಪರಸಪ್ಪನ ಹರಗೋಲಿನಲ್ಲಿ ಮೂಗು ಮುಂದೆ ಮಾಡಿ ಕೂಡುತ್ತದೆ. ಅದಕ್ಕೆ ತಲೆ ತಿರುಗುವುದಿಲ್ಲ. ಸಾವುಕಾರರ ಸೊಂಟ ಸುಖವಾಗಿದೆ. ರನ್‌ವೇಯಲ್ಲಿ ದುರಗೇಶ ಕೇಸರಿ ಜಾಕೆಟ್ಟು ತೊಟ್ಟು ಕಾಯಂ ಆಗಿ ನಿಂತಿರುತ್ತಾನೆ. ವಿಮಾನ ಬರುವ ದಿನಗಳಲ್ಲಿ ಅನ್ನವ್ವ ಬೇಕೆಂದೇ ರನ್‌ವೇ ಅಂಚಿಗೆ ಒಂದು ಬುಟ್ಟಿ ಮೀನು ಹರವುತ್ತಾಳೆ. ಅವನು ಅಲ್ಲಿಂದ ಅವಳ ಏಳು ತಲೆಮಾರನ್ನು, ಅಂದರೆ ತನ್ನದನ್ನೂ ಸೇರಿಸಿ, ಎತ್ತಿ ಎತ್ತಿ ಒಗೆಯುತ್ತಾನೆ. ಅವಳು ಮೀನು ಮಗುಚುತ್ತ, ಬಸ್ಸಿನಿಂದ ಇಳಿದ ಹೆಂಗಸರಿಗೆ ಕರೆದು ಕರೆದು ಹೇಳುತ್ತಾಳೆ.

“ಕೇಳಿದ್ರ್ಯಾ? ನನ್ನ ಮಗ ನೋಡ್ರಿ ಅಂವ. ನನಗ ಬೈಯಾಕ ಪಗಾರ ತಗೋತಾನ!”